ಫಿಲ್ಟರ್ ನೀರು ಕುಡಿದರೂ ಮಗಳ ಹಲ್ಲಿನ ಮೇಲೆ ಕಲೆ ಯಾಕೆ?

ಪ್ರಶ್ನೆ:

"ಸರ್, ನಮ್ಮದು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ ಐದು ಜನ. ನಾನು, ಯಜಮಾನರು, ಅತ್ತೆ, 7 ವರ್ಷದ ಮಗಳು, 2 ವರ್ಷದ ಮಗ. ಊರಿಗೆಲ್ಲ ಒಂದೇ ಬೋರ್ ನೀರು. ಬಾಯಿಗೆ ಚೆನ್ನಾಗೇ ಇದೆ, ಬೇಳೆನೂ ಬೇಗ ಬೇಯುತ್ತೆ. ನಾಲ್ಕು ವರ್ಷದ ಹಿಂದೆ ಊರಲ್ಲಿ ಶುದ್ಧ ನೀರಿನ ಘಟಕ ಆಯಿತು. ಆಗಿನಿಂದ ಕುಡಿಯೋಕೆ ದಿನಾ ಒಂದು ಕ್ಯಾನ್ ಫಿಲ್ಟರ್ ನೀರು ತರುತ್ತೇವೆ, ಅಡುಗೆಗೆ ನಲ್ಲಿ ನೀರೇ. ಮಗಳಿಗೆ ಹೊಸದಾಗಿ ಬಂದ ಮುಂದಿನ ಹಲ್ಲುಗಳ ಮೇಲೆ ಬಿಳಿ ಗೆರೆ, ನಡುನಡುವೆ ಕಂದು ಕಲೆ ಇದೆ. ಎಷ್ಟು ತಿಕ್ಕಿದರೂ ಹೋಗುತ್ತಿಲ್ಲ. ಶಾಲೆಯಲ್ಲಿ ಮಕ್ಕಳು ಆಡಿಕೊಳ್ಳುತ್ತಾರೆ ಅಂತ ಬಾಯಿ ಮುಚ್ಚಿಕೊಂಡು ನಗುತ್ತಾಳೆ. ಅತ್ತೆಗೆ ಸೊಂಟ, ಮಂಡಿ ನೋವು. ಘಟಕ ಈ ಬೇಸಿಗೆಯಲ್ಲಿ ಎರಡು ತಿಂಗಳು ಕೆಟ್ಟು ನಿಂತಿತ್ತು. ಈಗ ಶುರುವಾಗಿದೆ, ಆದರೆ ನೀರು ಮೊದಲಿನ ಹಾಗಿಲ್ಲ. ಪಕ್ಕದ ಮನೆಯವರ ಟಿಡಿಎಸ್ ಮೀಟರ್‌ನಲ್ಲಿ ಮೊದಲು 60 ತೋರಿಸುತ್ತಿತ್ತು, ಈಗ 310. ನಲ್ಲಿ ನೀರು 780. ಪಂಪ್‌ಹೌಸ್ ಗೋಡೆ ಮೇಲೆ ಫ್ಲೋರೈಡ್ 3.1 ಅಂತ ಹಿಂದೆ ಯಾರೋ ಬರೆದಿದ್ದಾರೆ. ಒಬ್ಬರು ಕುದಿಸಿ ಕುಡೀರಿ ಅಂತಾರೆ, ಒಬ್ಬರು ತಾಮ್ರದ ಬಿಂದಿಗೆ ಅಂತಾರೆ, ಇನ್ನೊಬ್ಬರು ಫಿಲ್ಟರ್ ನೀರಿಂದಲೇ ಮೂಳೆ ಸವೆಯುತ್ತೆ ಅಂತಾರೆ. ಮನೆಗೇ ಒಂದು ಮಷಿನ್ ಹಾಕಿಸೋಣವಾ? ಇನ್ನೂ ಆಳಕ್ಕೆ ಬೋರ್ ಕೊರೆಸಿದರೆ ಒಳ್ಳೆ ನೀರು ಸಿಗುತ್ತಾ?"

ಉತ್ತರ:

ತಾಯಿ, ನೀವು ಕೇಳಿದ್ದು ಐದಾರು ಪ್ರಶ್ನೆ. ಆದರೆ ಅವುಗಳ ಹಿಂದಿರುವ ಚಿಂತೆ ಒಂದೇ: ನಾವು ದುಡ್ಡು ಕೊಟ್ಟು, ಕ್ಯಾನ್ ಹೊತ್ತು ತಂದು, ಇಷ್ಟೆಲ್ಲ ಮಾಡಿದರೂ ಮಗುವಿನ ಹಲ್ಲು ಹಾಳಾಯಿತಲ್ಲ, ಎಲ್ಲಿ ತಪ್ಪಿದೆವು ಅಂತ. ನೀವು ತಪ್ಪು ಮಾಡಿಲ್ಲ. ನಿಮಗೆ ಸಿಗಬೇಕಾದ ಮಾಹಿತಿ ಪೂರ್ತಿ ಸಿಕ್ಕಿಲ್ಲ, ಅಷ್ಟೇ. ಇಪ್ಪತ್ತು ವರ್ಷಕ್ಕೂ ಮೇಲೆ ಈ ಕಡೆಯ ಹಳ್ಳಿಗಳ ನೀರು ಪರೀಕ್ಷೆ ಮಾಡಿದ್ದೇನೆ. ಹೆಚ್ಚು ಕಡಿಮೆ ಎಲ್ಲ ಊರಲ್ಲೂ ಈ ಅರ್ಧ ಮಾಹಿತಿಯೇ ಓಡಾಡುತ್ತಿರುತ್ತದೆ.

ಮೊದಲು ಗೋಡೆ ಮೇಲಿನ ಆ 3.1 ಬಗ್ಗೆ. ಅಂದರೆ ಒಂದು ಲೀಟರ್ ನೀರಿನಲ್ಲಿ 3.1 ಮಿಲಿಗ್ರಾಂ ಫ್ಲೋರೈಡ್. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದ ಪ್ರಕಾರ ಅದು 1 ಮಿಲಿಗ್ರಾಂ ಒಳಗೆ ಇರಬೇಕು. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಒಪ್ಪಬಹುದು. ನಿಮ್ಮ ಬೋರ್ ನೀರು ಆ ಕೊನೆಯ ಮಿತಿಯ ಎರಡರಷ್ಟಿದೆ. ಪಾತ್ರೆ ತೊಳೆಯಲು, ಸ್ನಾನಕ್ಕೆ, ಬಟ್ಟೆಗೆ ಏನೂ ತೊಂದರೆ ಇಲ್ಲ, ಯಾಕಂದರೆ ಫ್ಲೋರೈಡ್ ಚರ್ಮದಿಂದ ಒಳಗೆ ಹೋಗುವುದಿಲ್ಲ. ಹೊಟ್ಟೆಗೆ ಹೋಗುವ ನೀರಿಗೆ ಮಾತ್ರ ಅದು ಬೇಡ.

ಇನ್ನು ನೀವು ಸಹಜವಾಗಿ ಬರೆದ ಒಂದು ಮಾತು: "ಬಾಯಿಗೆ ಚೆನ್ನಾಗೇ ಇದೆ, ಬೇಳೆನೂ ಬೇಗ ಬೇಯುತ್ತೆ." ಇದನ್ನು ನಾನು ಎಷ್ಟು ಊರಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ನಮ್ಮ ಜನ ನೀರನ್ನು ಅಳೆಯುವುದು ನಾಲಿಗೆಯಿಂದ, ಬೇಳೆಯಿಂದ, ಸೋಪಿನ ನೊರೆಯಿಂದ. ಸವಳು ನೀರು, ಗಡಸು ನೀರು ಗುರುತಿಸಲು ಅದು ಸರಿಯಾದ ಅಳತೆಯೇ. ಫ್ಲೋರೈಡ್ ವಿಷಯದಲ್ಲಿ ಮಾತ್ರ ಅದೇ ಅಳತೆ ನಮ್ಮನ್ನು ದಾರಿ ತಪ್ಪಿಸುತ್ತದೆ. ಇಷ್ಟು ಪ್ರಮಾಣದ ಫ್ಲೋರೈಡ್‌ಗೆ ರುಚಿ, ಬಣ್ಣ, ವಾಸನೆ ಯಾವುದೂ ಇಲ್ಲ. ನೀರಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಅದು ಫ್ಲೋರೈಡ್ ಜೊತೆ ಸೇರಿ ತಳಕ್ಕೆ ಕೂರುತ್ತದೆ. ಆ ನೀರು ಗಡಸಾಗಿರುತ್ತದೆ, ಬೇಳೆ ಬೇಯುವುದಿಲ್ಲ, ಜನ ಬಯ್ಯುತ್ತಾರೆ. ಕ್ಯಾಲ್ಸಿಯಂ ಕಡಿಮೆ ಇದ್ದು ಸೋಡಾದ ಅಂಶ ಜಾಸ್ತಿ ಇರುವ ನೀರಲ್ಲಿ ಫ್ಲೋರೈಡ್ ಕರಗಿಯೇ ಉಳಿಯುತ್ತದೆ. ಆ ನೀರು ಮೆತ್ತಗಿರುತ್ತದೆ, ಬೇಳೆ ಬೇಗ ಬೇಯುತ್ತದೆ. ಹಾಗಾಗಿ ಊರಿನ ಎರಡು ಬೋರ್‌ಗಳಲ್ಲಿ "ಒಳ್ಳೆ ನೀರು" ಅಂತ ಎಲ್ಲರೂ ಕೊಡ ಹಿಡಿದು ಸಾಲು ನಿಲ್ಲುವ ಬೋರ್‌ನಲ್ಲೇ ಎಷ್ಟೋ ಸಲ ಫ್ಲೋರೈಡ್ ಜಾಸ್ತಿ ಬಂದಿರುತ್ತದೆ. ಮೆತ್ತಗಿನ ನೀರೆಲ್ಲ ಕೆಟ್ಟದ್ದು ಅಂತ ಹೇಳುತ್ತಿಲ್ಲ. ನಾಲಿಗೆಯನ್ನು ನಂಬಬೇಡಿ, ಪರೀಕ್ಷೆ ಮಾಡಿಸಿ ಅಂತ ಹೇಳುತ್ತಿದ್ದೇನೆ.

ಇದು ಎಲ್ಲಿಂದ ಬಂತು ಅಂತಲೂ ಹೇಳಿಬಿಡುತ್ತೇನೆ. ಯಾವ ಕಾರ್ಖಾನೆಯೂ ತಂದು ಸುರಿದದ್ದಲ್ಲ. ನಮ್ಮ ನೆಲದಡಿಯ ಕಲ್ಲಿನಲ್ಲೇ ಇದೆ. ಗ್ರಾನೈಟ್, ನೈಸ್ ಜಾತಿಯ ಕಲ್ಲುಗಳಲ್ಲಿ ಫ್ಲೋರೈಡ್ ಇರುವ ಖನಿಜಗಳು ಸೇರಿಕೊಂಡಿರುತ್ತವೆ. ಮಳೆ ನೀರು ಕಲ್ಲಿನ ಸಂದಿಯಲ್ಲಿ ಇಳಿದು ವರ್ಷಗಟ್ಟಲೆ ಕೂತರೆ ಅದನ್ನು ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಹಿಂದೆ ಜನ ಕುಡಿಯುತ್ತಿದ್ದದ್ದು ಕೆರೆ ನೀರು, ತೆರೆದ ಬಾವಿ ನೀರು. ಅದು ಹೋದ ಮಳೆಗಾಲದ ನೀರು, ಕಲ್ಲಿನ ಜೊತೆ ಹೆಚ್ಚು ದಿನ ಕಳೆದಿರಲಿಲ್ಲ. ಬಾವಿ ಬತ್ತಿದವು, ಬೋರ್ ಬಂತು. ನೂರು ಅಡಿ ಇದ್ದದ್ದು ಮುನ್ನೂರಾಯಿತು, ಆರುನೂರಾಯಿತು. ಆಳ ಹೋದಷ್ಟೂ ನೀರು ಹಳೆಯದು.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಇಲ್ಲೇ ಸಿಕ್ಕಿತಲ್ವಾ? ಇನ್ನೂ ಆಳಕ್ಕೆ ಕೊರೆದರೆ ನೀರು ಸಿಗಬಹುದು, ಫ್ಲೋರೈಡ್ ಕಡಿಮೆ ಇರುತ್ತದೆ ಎಂಬ ಭರವಸೆ ಇಲ್ಲ. ಜಾಸ್ತಿ ಇರುವ ಸಾಧ್ಯತೆಯೇ ಹೆಚ್ಚು. ಆ ದುಡ್ಡು ಬೋರ್‌ಗೆ ಹಾಕಬೇಡಿ.

ಈಗ ಮಗಳ ಹಲ್ಲು. ಬಾಯಿ ನೋಡದೆ ಖಚಿತವಾಗಿ ಹೇಳಲಾಗದು, ಒಮ್ಮೆ ಹಲ್ಲಿನ ಡಾಕ್ಟರಿಗೆ ತೋರಿಸಿ. ಆದರೆ ನೀವು ಬರೆದ ಗುರುತು ಫ್ಲೋರೋಸಿಸ್‌ಗೆ, ಅಂದರೆ ಫ್ಲೋರೈಡ್ ಹೆಚ್ಚಾಗಿ ಹಲ್ಲು, ಮೂಳೆಗೆ ಬರುವ ಕಾಯಿಲೆಗೆ ಹೊಂದುತ್ತದೆ. ಸುಣ್ಣದಂಥ ಬಿಳಿ ಗೆರೆ ಅಡ್ಡಡ್ಡ ಇರುತ್ತದೆ, ಎಡಗಡೆ ಹಲ್ಲಿಗಿದ್ದರೆ ಬಲಗಡೆಯ ಜೋಡಿ ಹಲ್ಲಿಗೂ ಇರುತ್ತದೆ, ತಿಕ್ಕಿದರೆ ಹೋಗುವುದಿಲ್ಲ. ಎಲೆ ಅಡಿಕೆ, ಗುಟ್ಕಾದ ಕಲೆಯಾದರೆ ಹಲ್ಲಿನ ಮೇಲೆ ಕೂತಿರುತ್ತದೆ, ಉಜ್ಜಿ ತೆಗೆಯಬಹುದು. ಫ್ಲೋರೋಸಿಸ್ ಕಲೆ ಹಲ್ಲಿನ ಒಳಗೇ ಇರುತ್ತದೆ. ಹಲ್ಲು ಇನ್ನೂ ವಸಡಿನೊಳಗೆ ರೂಪುಗೊಳ್ಳುತ್ತಿದ್ದಾಗ ಆದ ಗಾಯ ಅದು.

ಈ "ವಸಡಿನೊಳಗೆ" ಎಂಬುದನ್ನು ಸ್ವಲ್ಪ ಗಮನವಿಟ್ಟು ಓದಿ. ಆರು ಏಳು ವರ್ಷಕ್ಕೆ ಹೊರಗೆ ಕಾಣುವ ಮುಂದಿನ ಹಲ್ಲು ಒಳಗೆ ತಯಾರಾಗುವುದು ಮಗುವಿನ ಮೊದಲ ಮೂರು ನಾಲ್ಕು ವರ್ಷಗಳಲ್ಲಿ. ನಿಮ್ಮ ಮಗಳಿಗೆ 3 ವರ್ಷ ಆಗುವ ತನಕ ಊರಲ್ಲಿ ಘಟಕವೇ ಇರಲಿಲ್ಲ. ಇವತ್ತು ನೀವು ನೋಡುತ್ತಿರುವ ಗೆರೆ ಆಗಲೇ ಬಿದ್ದದ್ದು. ಟೂತ್‌ಪೇಸ್ಟ್ ಬದಲಿಸಿದರೆ, ಜೋರಾಗಿ ಉಜ್ಜಿದರೆ ಹೋಗುವುದಿಲ್ಲ, ಸುಮ್ನೆ ಮಗುವಿನ ವಸಡು ಹುಣ್ಣಾಗುತ್ತದೆ. ದೊಡ್ಡವಳಾದ ಮೇಲೆ ಹಲ್ಲಿನ ಡಾಕ್ಟರ ಹತ್ತಿರ ಮೇಲ್ಪದರ ಸರಿಪಡಿಸುವ ಚಿಕಿತ್ಸೆಗಳಿವೆ. ಕಲೆ ತೆಳುವಾಗಿಸಬಹುದು, ಮುಚ್ಚಬಹುದು. ಇದು ಅಂಟುರೋಗವಲ್ಲ, ವಂಶದಿಂದ ಬಂದದ್ದಲ್ಲ, ಹಲ್ಲು ಉಜ್ಜದ್ದರಿಂದ ಬಂದದ್ದೂ ಅಲ್ಲ. ದಯವಿಟ್ಟು ಇದನ್ನು ಅವಳ ಶಾಲೆಯ ಮೇಷ್ಟ್ರಿಗೆ ನೀವೇ ಹೋಗಿ ಹೇಳಿ. ತರಗತಿಯಲ್ಲಿ ಒಂದು ದಿನ ಅವರು ಐದು ನಿಮಿಷ ಇದನ್ನು ವಿವರಿಸಿದರೆ, ಬಾಯಿ ಮುಚ್ಚಿಕೊಂಡು ನಗುವ ಮಕ್ಕಳು ಅವಳೊಬ್ಬಳೇ ಅಲ್ಲ ಎಂಬುದೂ ಗೊತ್ತಾಗುತ್ತದೆ.

ಮಗಳಿಗಿಂತ ಅವಸರದ ವಿಷಯ ನಿಮ್ಮ 2 ವರ್ಷದ ಮಗ. ಅವನ ಶಾಶ್ವತ ಹಲ್ಲುಗಳು ಈಗ, ಈ ತಿಂಗಳು, ಈ ವಾರ ಒಳಗೆ ತಯಾರಾಗುತ್ತಿವೆ. ಎಂಟು ವರ್ಷದವರೆಗೂ ಅಪಾಯದ ಕಾಲವೇ. ಹಾಗಾಗಿ ಮಗಳ ಬಾಯಿಯ ಹಿಂಭಾಗದ ಹಲ್ಲುಗಳಿಗೂ ಇನ್ನೂ ಕಾಲ ಮಿಂಚಿಲ್ಲ. ಎದೆಹಾಲಿನಲ್ಲಿ ಫ್ಲೋರೈಡ್ ತೀರಾ ಕಡಿಮೆ, ತಾಯಿ ಬೋರ್ ನೀರು ಕುಡಿದಿದ್ದರೂ ಸಹ. ಆದರೆ ಮಗು ಅನ್ನ, ಮುದ್ದೆ, ಗಂಜಿ ತಿನ್ನಲು ಶುರು ಮಾಡಿದ ದಿನದಿಂದ ನಿಮ್ಮ ಅಡುಗೆಯ ನೀರೇ ಅವನ ನೀರು.

ಅಡುಗೆಯ ಈ ಮಾತನ್ನು ನಾನು ಯಾವ ಊರಿಗೆ ಹೋದರೂ ಎರಡೆರಡು ಸಲ ಹೇಳುತ್ತೇನೆ. ಹಿಂದೊಮ್ಮೆ ನಿಮ್ಮೂರಿನಂಥದೇ ಊರಲ್ಲಿ ಒಂದು ಮನೆಯ ಅಡುಗೆಮನೆಯಲ್ಲಿ ಕೂತು ಅಳೆದು ನೋಡಿದ್ದೆ. ಮುದ್ದೆಗೆ ಎಸರು ಇಟ್ಟರು, ಅನ್ನಕ್ಕೆ ಎಸರು ಇಟ್ಟರು, ಸಾರಿಗೆ ಬೇಳೆ ಬೇಯಿಸಿದರು, ಎರಡು ಸಲ ಟೀ ಕಾಸಿದರು, ಬೆಳಿಗ್ಗೆ ಮಗುವಿಗೆ ರಾಗಿ ಗಂಜಿ. ಎಲ್ಲ ನಲ್ಲಿ ನೀರು. ಪಕ್ಕದಲ್ಲೇ ಫಿಲ್ಟರ್ ನೀರಿನ ಕ್ಯಾನ್, ಮೇಲೊಂದು ಲೋಟ ಬೋರಲು ಹಾಕಿತ್ತು. ಅದು ಕುಡಿಯಲು ಮಾತ್ರ. ಊಟ, ಟೀ, ಗಂಜಿ ಮೂಲಕ ಒಬ್ಬ ದೊಡ್ಡವರ ಹೊಟ್ಟೆಗೆ ದಿನಕ್ಕೆ ಅಂದಾಜು ಒಂದರಿಂದ ಒಂದೂವರೆ ಲೀಟರ್ ನೀರು ಹೋಗುತ್ತದೆ. ನಿಮ್ಮೂರ 3.1ರ ಲೆಕ್ಕದಲ್ಲಿ ಅದರಿಂದ 3ರಿಂದ 4.5 ಮಿಲಿಗ್ರಾಂ ಫ್ಲೋರೈಡ್. ಘಟಕ ಚೆನ್ನಾಗಿ ನಡೆಯುವಾಗ ಕುಡಿದ ಮೂರು ಲೀಟರ್ ಫಿಲ್ಟರ್ ನೀರಿನಿಂದ ಬರುವುದು ಮುಕ್ಕಾಲು ಮಿಲಿಗ್ರಾಂ ಆಸುಪಾಸು. ಅಂದರೆ ಮುಂಬಾಗಿಲು ಭದ್ರವಾಗಿ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಹಾಗಾಯಿತು. ಕುದಿಸುವಾಗ ನೀರು ಆವಿಯಾಗುತ್ತದೆ, ಫ್ಲೋರೈಡ್ ಆವಿಯಾಗುವುದಿಲ್ಲ, ಹಾಗಾಗಿ ಕುದಿದಷ್ಟೂ ಅದು ಸ್ವಲ್ಪ ಗಟ್ಟಿಯೇ ಆಗುತ್ತದೆ.

ಇವತ್ತಿನಿಂದಲೇ ಎಸರಿಗೂ, ಟೀಗೂ, ಗಂಜಿಗೂ ಫಿಲ್ಟರ್ ನೀರು ಹಾಕಿ. ತರಕಾರಿ, ಅಕ್ಕಿ, ಬೇಳೆ ತೊಳೆಯಲು ನಲ್ಲಿ ನೀರು ಸಾಕು. ಐದು ಜನಕ್ಕೆ ಒಂದು ಕ್ಯಾನ್ ಸಾಲದು, ಎರಡು ಬೇಕು. ಇದು ನಾನು ಸುಮ್ಮನೆ ಹೇಳುತ್ತಿರುವ ಲೆಕ್ಕವಲ್ಲ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್‌ನ ಮಾರ್ಗಸೂಚಿಯಲ್ಲೇ, ಫ್ಲೋರೈಡ್ ಇರುವ ಊರುಗಳಿಗೆ ಪೈಪಿನಲ್ಲಿ ಒಳ್ಳೆ ನೀರು ಬರುವ ತನಕ ಕುಡಿಯಲು ಮತ್ತು ಅಡುಗೆಗೆ ಅಂತ ತಲೆಗೆ ದಿನಕ್ಕೆ 8ರಿಂದ 10 ಲೀಟರ್ ಶುದ್ಧ ನೀರು ಕೊಡಬೇಕು ಎಂದಿದೆ. ಐದು ಜನಕ್ಕೆ 40ರಿಂದ 50 ಲೀಟರ್. "ಕುಡಿಯಲು ಮತ್ತು ಅಡುಗೆಗೆ" ಎಂಬ ಆ ಮಾತನ್ನು ಪಂಚಾಯಿತಿಯಲ್ಲಿ ಎತ್ತಿ ಹೇಳಿ. ಎರಡನೇ ಕ್ಯಾನ್ ಹೊರುವುದೂ ನಿಮ್ಮದೇ ತಲೆ ಮೇಲೆ ಬೀಳುತ್ತದೆ ಎಂಬುದು ನನಗೆ ಗೊತ್ತು. ಯಜಮಾನರ ಬೈಕ್ ಇದ್ದರೆ ಆ ಕ್ಯಾನ್ ಅವರ ಪಾಲಿಗಿರಲಿ.

ಇನ್ನು ನಿಮಗೆ ಸಿಕ್ಕ ಸಲಹೆಗಳು. ಕುದಿಸುವುದರ ಬಗ್ಗೆ ಹೇಳಿದೆ: ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ತಾಮ್ರದ ಬಿಂದಿಗೆಯಲ್ಲಿ ರಾತ್ರಿಯಿಡೀ ಇಟ್ಟರೆ ಕೆಲವು ರೋಗಾಣು ಕಡಿಮೆಯಾಗಬಹುದು, ಫ್ಲೋರೈಡ್ ಇದ್ದಷ್ಟೇ ಇರುತ್ತದೆ. ಪಟಿಕ ತಿರುವಿದರೆ ಕೆಸರು ಕೂರುತ್ತದೆ, ಅಷ್ಟೇ. ಪಟಿಕ ಮತ್ತು ಸುಣ್ಣ ಅಳತೆ ಪ್ರಕಾರ ಹಾಕಿ ಫ್ಲೋರೈಡ್ ತೆಗೆಯುವ ಒಂದು ವಿಧಾನ ಇರುವುದು ನಿಜ, ನಲ್ಗೊಂಡ ವಿಧಾನ ಅಂತ ಹೆಸರು. ಆದರೆ ನೀರಿನ ಗುಣ ನೋಡಿ ಪ್ರಮಾಣ ಗೊತ್ತು ಮಾಡಬೇಕು, ತಳದ ಗಸಿಯನ್ನು ಎಚ್ಚರದಿಂದ ತೆಗೆಯಬೇಕು, ಹೆಚ್ಚಾದರೆ ಅಲ್ಯೂಮಿನಿಯಂ ನೀರಲ್ಲಿ ಉಳಿಯುತ್ತದೆ. ಮನೆಯಲ್ಲಿ ಕಣ್ಣಂದಾಜಿಗೆ ಮಾಡುವ ಕೆಲಸ ಅದಲ್ಲ.

"ಫಿಲ್ಟರ್ ನೀರಿಂದ ಮೂಳೆ ಸವೆಯುತ್ತೆ" ಎಂಬ ಮಾತಲ್ಲಿ ಒಂದು ಎಳೆ ನಿಜ ಇದೆ. ನಿಮ್ಮೂರ ಘಟಕದಲ್ಲಿರುವಂಥ, ನೀರನ್ನು ಒತ್ತಡದಲ್ಲಿ ಪೊರೆಯ ಮೂಲಕ ಸೋಸುವ ಆರ್‌ಒ ಯಂತ್ರ ಫ್ಲೋರೈಡ್ ಜೊತೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ತೆಗೆಯುತ್ತದೆ. ಆದರೆ ನಮಗೆ ಕ್ಯಾಲ್ಸಿಯಂ ಬರುವುದು ಮುಖ್ಯವಾಗಿ ಊಟದಿಂದ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಮೇಲೆ ಕ್ಯಾಲ್ಸಿಯಂ ಇದೆ. ಮುದ್ದೆ, ಮಜ್ಜಿಗೆ, ನುಗ್ಗೆಸೊಪ್ಪು ತಿನ್ನುವ ಮನೆಯಲ್ಲಿ ಫಿಲ್ಟರ್ ನೀರಿಗೆ ಹೆದರಬೇಕಿಲ್ಲ. ಇಲ್ಲಿ ಮೂಳೆಗೆ ನಿಜವಾದ ಅಪಾಯ ಬೋರ್ ನೀರಿನದು. ಫ್ಲೋರೈಡ್ ಹೋಗಿ ಕೂರುವುದೇ ಮೂಳೆಯಲ್ಲಿ.

ಅತ್ತೆಯವರ ನೋವು ಅದರಿಂದಲೇ ಬಂತು ಅಂತ ನಾನು ಹೇಳಲಾರೆ. ಆ ವಯಸ್ಸಿಗೆ ಮಂಡಿ ಸವೆತ ಸಾಮಾನ್ಯ, ಜೀವನವಿಡೀ ಹೊಲದಲ್ಲಿ ಬಗ್ಗಿ ದುಡಿದವರಿಗೆ ಸೊಂಟ ನೋವೂ ಸಾಮಾನ್ಯ. ಮನೆಯಲ್ಲೇ ಮೂರು ಸಣ್ಣ ಪರೀಕ್ಷೆ ಮಾಡಿ ನೋಡಿ. ಗದ್ದ ಎದೆಗೆ ತಾಕಿಸಲು ಆಗುತ್ತಾ? ಮಂಡಿ ಮಡಿಸದೆ ಬಗ್ಗಿ ನೆಲದ ಮೇಲಿನ ನಾಣ್ಯ ಎತ್ತಲು ಆಗುತ್ತಾ? ಎರಡೂ ಕೈ ಎತ್ತಿ ತಲೆಯ ಹಿಂದೆ ಹಿಡಿಯಲು ಆಗುತ್ತಾ? ಆಗದಿದ್ದರೆ ಗಾಬರಿ ಬೇಡ, ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ "ನಮ್ಮೂರ ನೀರಲ್ಲಿ ಫ್ಲೋರೈಡ್ ಇದೆ" ಅಂತ ಮೊದಲೇ ಹೇಳಿ. ಎಕ್ಸ್‌ರೇ ಮತ್ತು ಮೂತ್ರ ಪರೀಕ್ಷೆಯಿಂದ ಗೊತ್ತಾಗುತ್ತದೆ. ಫ್ಲೋರೋಸಿಸ್ ತಡೆಗೆಂದೇ ಕೇಂದ್ರ ಸರ್ಕಾರದ ಕಾರ್ಯಕ್ರಮ 2008-09ರಿಂದ ಇದೆ, ಇದು ವೈದ್ಯರಿಗೆ ಹೊಸ ವಿಷಯವಲ್ಲ. ಮೂಳೆ ಬಾಗಿದ ಮೇಲೆ ನೇರ ಮಾಡುವ ಮಾತ್ರೆ ಇಲ್ಲ. ಆದರೆ ಶುರುವಿನ ಹಂತದ ನೋವು, ಬಿಗಿತ ನೀರು ಬದಲಿಸಿದ ಕೆಲವು ತಿಂಗಳಲ್ಲಿ ಕಡಿಮೆಯಾದವರನ್ನು ನಾನು ಕಂಡಿದ್ದೇನೆ. ನೆಲ್ಲಿಕಾಯಿ, ಸೀಬೆ, ನಿಂಬೆ, ಹಾಲು, ಸೊಪ್ಪು ಒಳ್ಳೆಯದು. ಕಡುಟೀ ಕಡಿಮೆ ಮಾಡಿಸಿ, ಟೀ ಎಲೆಯಲ್ಲೇ ಫ್ಲೋರೈಡ್ ಇದೆ. ಕಪ್ಪು ಉಪ್ಪಿನಲ್ಲೂ ಇದೆ, ಅದನ್ನು ಬಿಡಿಸಿ.

ಈಗ ನಿಮ್ಮೂರ ಘಟಕಕ್ಕೆ ಬರೋಣ. ನೀವು ಕೊಟ್ಟ ಮೂರು ಅಂಕಿ ನೋಡಿ ನನಗೆ ಖುಷಿಯಾಯಿತು, ಯಾಕಂದರೆ ಬಹಳ ಜನ ಇದನ್ನು ಬರೆದಿಡುವುದಿಲ್ಲ. ಒಂದು ಎಚ್ಚರ ಮೊದಲು: ಟಿಡಿಎಸ್ ಮೀಟರ್ ಫ್ಲೋರೈಡ್ ಅಳೆಯುವುದಿಲ್ಲ. ನೀರಲ್ಲಿ ಕರಗಿರುವ ಎಲ್ಲ ಲವಣಗಳ ಒಟ್ಟು ಅಂದಾಜು ಅದು. ಬೇರೆ ಊರಿನ ಬೋರ್ ನೀರಿಗೆ 400 ತೋರಿಸಿತು, ಅದು ನಿಮ್ಮದಕ್ಕಿಂತ ಒಳ್ಳೆಯದು ಅಂತ ಹೇಳಲು ಬರುವುದಿಲ್ಲ. 400ರಲ್ಲೂ ಫ್ಲೋರೈಡ್ 4 ಇರಬಹುದು. ಆದರೆ ಒಂದೇ ಘಟಕದ ಒಳಗೆ ಹೋಗುವ ನೀರು ಮತ್ತು ಹೊರಗೆ ಬರುವ ನೀರನ್ನು ಹೋಲಿಸಿದರೆ ಮೆಂಬ್ರೇನ್ ಆರೋಗ್ಯ ಹೇಳುತ್ತದೆ. ಮೆಂಬ್ರೇನ್ ಅಂದರೆ ಆ ಉದ್ದ ಕೊಳವೆಗಳ ಒಳಗಿರುವ ಸುತ್ತಿದ ಪೊರೆ. ನೀರನ್ನು ಒತ್ತಡದಲ್ಲಿ ಅದರ ಮೂಲಕ ತಳ್ಳುತ್ತಾರೆ, ನೀರು ದಾಟುತ್ತದೆ, ಲವಣ ಹಿಂದೆ ಉಳಿಯುತ್ತದೆ. ಮೊದಲು 780ರಲ್ಲಿ 60 ಮಾತ್ರ ದಾಟುತ್ತಿತ್ತು. ಈಗ 310 ದಾಟುತ್ತಿದೆ, ಅಂದರೆ ನೂರಕ್ಕೆ ನಲವತ್ತು. ಫ್ಲೋರೈಡೂ ಹೆಚ್ಚು ಕಡಿಮೆ ಅದೇ ಪ್ರಮಾಣದಲ್ಲಿ ದಾಟುತ್ತಿದ್ದರೆ ನಿಮ್ಮ ಕ್ಯಾನ್ ನೀರಲ್ಲಿ 1.2 ಆಸುಪಾಸು ಇರಬಹುದು. ಬೋರ್ ನೀರಿಗಿಂತ ಎಷ್ಟೋ ವಾಸಿ, ಆದರೆ ಮಿತಿಯೊಳಗಿಲ್ಲ.

ಯಾಕೆ ಹೀಗಾಯಿತು? ಎರಡು ತಿಂಗಳು ನಿಂತದ್ದೇ ಸಾಕು. ಮೆಂಬ್ರೇನ್ ಒದ್ದೆಯಾಗಿ, ಸರಿಯಾದ ದ್ರಾವಣದಲ್ಲಿ ಇರಬೇಕು. ಸುಮ್ಮನೆ ಬಿಟ್ಟರೆ ಒಣಗಿ ಬಿರಿಯುತ್ತದೆ, ಇಲ್ಲವೇ ಒಳಗೆ ಪಾಚಿಯಂಥ ಲೋಳೆ ಬೆಳೆಯುತ್ತದೆ. ಇನ್ನೊಂದು ಕಾರಣ, ಘಟಕದ ಮೂಲೆಯಲ್ಲಿ ಸಣ್ಣ ಪಂಪಿನ ಕೆಳಗೆ ಇರುವ ಕೆಮಿಕಲ್ ಕ್ಯಾನ್. ಮೆಂಬ್ರೇನ್ ಮೇಲೆ ಉಪ್ಪು ಕಟ್ಟದಂತೆ ಹನಿಹನಿಯಾಗಿ ಬಿಡುವ ದ್ರಾವಣ ಅದು. ನಾನು ಘಟಕ ನೋಡಲು ಹೋದಾಗ ಮೊದಲು ಎತ್ತಿ ನೋಡುವುದು ಆ ಕ್ಯಾನ್ ಅನ್ನೇ. ಎಷ್ಟೋ ಕಡೆ ಅದು ಖಾಲಿ, ಒಳಗೆ ಜೇಡರ ಬಲೆ. ಒಂದು ಊರಲ್ಲಿ ಅದರಲ್ಲಿ ಸೀಮೆಎಣ್ಣೆ ತುಂಬಿಟ್ಟಿದ್ದರು. ನಡೆಸುವ ಹುಡುಗನ ತಪ್ಪಲ್ಲ, ಅದು ಏನಕ್ಕೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಚೆನ್ನಾಗಿ ನೋಡಿಕೊಂಡರೆ ಮೆಂಬ್ರೇನ್ ಎರಡು ಮೂರು ವರ್ಷ ಬರುತ್ತದೆ. ನಿಮ್ಮದಕ್ಕೆ ನಾಲ್ಕು ವರ್ಷ. ಒಮ್ಮೆಯೂ ಬದಲಿಸಿಲ್ಲವಾದರೆ ಈಗ ಬದಲಿಸಲೇಬೇಕು.

ಘಟಕದ ಹಿಂಭಾಗಕ್ಕೂ ಒಮ್ಮೆ ಹೋಗಿ ನೋಡಿ. ಬೇಡದ ನೀರು ಹೊರಗೆ ಹೋಗುವ ಒಂದು ಪೈಪ್ ಇರುತ್ತದೆ. ಅದು ಎಲ್ಲಿ ಬೀಳುತ್ತದೆ? ಬಹಳ ಊರಲ್ಲಿ ಅದನ್ನು ದನದ ತೊಟ್ಟಿಗೆ ಬಿಟ್ಟಿರುತ್ತಾರೆ. ನೀರು ವ್ಯರ್ಥ ಆಗಬಾರದು, ದನ ಕುಡಿಯಲಿ ಎಂಬ ಒಳ್ಳೆ ಮನಸ್ಸಿನಿಂದಲೇ ಮಾಡಿದ್ದು. ಆದರೆ ಎರಡು ಲೀಟರ್ ಒಳಗೆ ಹೋಗಿ ಒಂದು ಲೀಟರ್ ಒಳ್ಳೆ ನೀರು ಬಂದರೆ, ಉಳಿದ ಒಂದು ಲೀಟರಿಗೆ ಎಲ್ಲ ಫ್ಲೋರೈಡ್ ಸೇರಿ 3.1 ಇದ್ದದ್ದು 6 ಆಗಿರುತ್ತದೆ. ಬೋರ್ ನೀರಿಗಿಂತ ಎರಡರಷ್ಟು ಕೆಟ್ಟ ನೀರು. ದನಕ್ಕೂ ಫ್ಲೋರೋಸಿಸ್ ಬರುತ್ತದೆ, ಹಲ್ಲು ಸವೆಯುತ್ತದೆ, ಕಾಲು ಎಳೆಯುತ್ತದೆ. ಆ ಪೈಪ್ ತೊಟ್ಟಿಯಿಂದ ತಪ್ಪಿಸಿ. ಶೌಚಾಲಯಕ್ಕೆ, ನೆಲ ತೊಳೆಯಲು ಬಳಸಬಹುದು. ತೆರೆದ ಬಾವಿಗೆ, ಕೆರೆಗೆ ಬಿಡಲೇಬೇಡಿ.

ರೋಗಾಣುಗಳ ಮಾತು ಬೇರೆ, ಅದನ್ನೂ ಹೇಳಿಬಿಡುತ್ತೇನೆ. ಫ್ಲೋರೈಡ್ ವರ್ಷಗಟ್ಟಲೆ ತಿನ್ನುತ್ತದೆ, ರೋಗಾಣು ಎರಡು ದಿನದಲ್ಲಿ ಮಲಗಿಸುತ್ತದೆ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಹಲವರು ಜೀವ ಕಳೆದುಕೊಂಡದ್ದನ್ನು ನಾವು ಯಾರೂ ಮರೆಯಬಾರದು. ಎರಡು ತಿಂಗಳು ನಿಂತ ಘಟಕದ ಸ್ಟೀಲ್ ಟ್ಯಾಂಕ್, ನಲ್ಲಿ, ಪೈಪ್ ಎಲ್ಲ ತೊಳೆದು ಶುದ್ಧ ಮಾಡಿದ್ದಾರಾ ಅಂತ ಕೇಳಿ. ಮನೆಯ ಕ್ಯಾನ್ ಒಳಗೆ ಕೈ ಹಾಕಿ ನೋಡಿ, ಗೋಡೆ ಜಾರುತ್ತಿದ್ದರೆ ಲೋಳೆ ಕಟ್ಟಿದೆ ಅಂತ. ವಾರಕ್ಕೊಮ್ಮೆ ಬ್ರಷ್ ಹಾಕಿ ತೊಳೆದು ಬಿಸಿಲಿಗೆ ಇಡಿ.

ಮನೆಗೇ ಮಷಿನ್ ಬೇಕಾ? ದುಡ್ಡಿದ್ದರೆ ಹಾಕಿಸಬಹುದು, ಆದರೆ ಮೂರು ವಿಷಯ ತಿಳಿದುಕೊಂಡು. ಅಂಗಡಿಯಲ್ಲಿ "ಪ್ಯೂರಿಫೈಯರ್" ಅಂತ ಸಿಗುವುದೆಲ್ಲ ಆರ್‌ಒ ಅಲ್ಲ. ಯುವಿ, ಯುಎಫ್ ಅಂತ ಮಾತ್ರ ಬರೆದಿರುವುದು ರೋಗಾಣು ನೋಡಿಕೊಳ್ಳುತ್ತದೆ, ಫ್ಲೋರೈಡ್ ಮುಟ್ಟುವುದೂ ಇಲ್ಲ. ಎರಡನೆಯದು ಬಹಳ ಮೆಕ್ಯಾನಿಕ್‌ಗಳಿಗೇ ಗೊತ್ತಿಲ್ಲ. ಕೆಲವು ಆರ್‌ಒ ಯಂತ್ರಗಳಲ್ಲಿ ರುಚಿಗೆ ಅಂತ "ಟಿಡಿಎಸ್ ಕಂಟ್ರೋಲರ್" ಎಂಬ ಸಣ್ಣ ತಿರುಪು ಇರುತ್ತದೆ. ಅದನ್ನು ತಿರುಗಿಸಿದರೆ ಮೆಂಬ್ರೇನ್ ದಾಟದ ನೀರು ಸ್ವಲ್ಪ ಬಂದು ಶುದ್ಧ ನೀರಿಗೆ ಸೇರುತ್ತದೆ. ಫ್ಲೋರೈಡ್ ಇರುವ ಊರಲ್ಲಿ ಅದು ಪೂರ್ತಿ ಬಂದ್ ಇರಬೇಕು, ಎದುರಿಗೆ ನಿಂತು ಬಂದ್ ಮಾಡಿಸಿ. ಮೂರನೆಯದು ಖರ್ಚು. ಕೊಳ್ಳುವ ದುಡ್ಡಿಗಿಂತ ವರ್ಷ ವರ್ಷ ಫಿಲ್ಟರ್, ಮೆಂಬ್ರೇನ್‌ಗೆ ಹಾಕುವ ದುಡ್ಡು ನೋಡಿ ನಿರ್ಧರಿಸಿ. ಅದಕ್ಕಿಂತ ಮುಖ್ಯವಾಗಿ, ಶಕ್ತಿ ಇರುವ ಮನೆಗಳೆಲ್ಲ ಮನೆಗೊಂದು ಮಷಿನ್ ಹಾಕಿಕೊಂಡು ಸುಮ್ಮನಾದರೆ ಊರಿನ ಘಟಕದ ಬಗ್ಗೆ ಕೇಳುವವರು ಯಾರು? ಆಗ ಉಳಿಯುವುದು ಕ್ಯಾನ್‌ಗೂ ಲೆಕ್ಕ ಹಾಕುವ ಕೂಲಿ ಮನೆಗಳು ಮಾತ್ರ. ಈ ಕಾರಣಕ್ಕೇ ನನ್ನ ಮನಸ್ಸು ಘಟಕ ಸರಿ ಮಾಡಿಸುವ ಕಡೆಗೇ ಇದೆ. ಆಕ್ಟಿವೇಟೆಡ್ ಅಲ್ಯೂಮಿನಾ ಎಂಬ ಇನ್ನೊಂದು ಬಗೆಯ ಫಿಲ್ಟರ್ ಇದೆ, ಕರೆಂಟ್ ಬೇಡ, ಫ್ಲೋರೈಡ್ ಚೆನ್ನಾಗಿ ಹಿಡಿಯುತ್ತದೆ. ಆದರೆ ಕೆಲವು ತಿಂಗಳಿಗೊಮ್ಮೆ ಅದನ್ನು ರಾಸಾಯನಿಕ ಹಾಕಿ ಮತ್ತೆ ಚುರುಕು ಮಾಡಬೇಕು. ಅದನ್ನು ಮಾಡುವವರಿಲ್ಲದೆ ಮೂಲೆ ಸೇರಿದ್ದೇ ಜಾಸ್ತಿ.

ನಾನು ಮನಸಾರೆ ಶಿಫಾರಸು ಮಾಡುವ ಇನ್ನೊಂದು ದಾರಿ ಮಳೆ ನೀರು. ಅದರಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಚಿತ್ರದುರ್ಗದ ಕೋಟೆ ಹತ್ತಿದವರಿಗೆ ಇದನ್ನು ಹೇಳಬೇಕಿಲ್ಲ. ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ, ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡ. ಬಂಡೆ ಮೇಲೆ ಬಿದ್ದ ಮಳೆಯನ್ನು ಹಿಡಿದು, ಮೇಲಿನದು ತುಂಬಿದರೆ ಕೆಳಗಿನದಕ್ಕೆ ಹರಿಯುವ ಹಾಗೆ ಮಾಡಿದ್ದರು. ಇದೇ ಒಣ ಸೀಮೆಯಲ್ಲಿ! ನಿಮ್ಮ ಕಡೆ ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ. ಒಂದು ಚದರ ಮೀಟರ್ ತಾರಸಿ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 40 ಚದರ ಮೀಟರ್ ತಾರಸಿ ಇದ್ದರೆ, ಸೋರಿ ಹೋದದ್ದು ಕಳೆದು 16 ಸಾವಿರ ಲೀಟರ್ ಸಿಗುತ್ತದೆ. ದಿನಕ್ಕೆ 40 ಲೀಟರ್ ಲೆಕ್ಕದಲ್ಲಿ ಇಡೀ ವರ್ಷದ ಕುಡಿಯುವ, ಅಡುಗೆಯ ನೀರು. ತೊಡಕು ಇರುವುದು ಕೂಡಿಡುವುದರಲ್ಲಿ. ನವೆಂಬರ್‌ನಿಂದ ಮೇ ತನಕ ಸಾಗಿಸಲು ಎಂಟು ಒಂಬತ್ತು ಸಾವಿರ ಲೀಟರ್ ತೊಟ್ಟಿ ಬೇಕು, ಅದಕ್ಕೆ ಖರ್ಚಿದೆ. ಮೊದಲ ಮಳೆ ಹೊರಗೆ ಬಿಡಬೇಕು, ಬಾಯಿಗೆ ಜರಡಿ, ಒಳಗೆ ಬೆಳಕು ಹೋಗಬಾರದು, ಕುಡಿಯುವ ಮೊದಲು ಕುದಿಸಬೇಕು. ಎಲ್ಲ ಮನೆಗೂ ಸಾಧ್ಯವಾಗದಿದ್ದರೆ ಶಾಲೆ, ಅಂಗನವಾಡಿಯಿಂದ ಶುರು ಮಾಡಿ. ದೊಡ್ಡ ತಾರಸಿ, ಕುಡಿಯುವವರು ಎಂಟು ವರ್ಷದೊಳಗಿನ ಮಕ್ಕಳು. ಅಲ್ಲಿಗೆ ಹಾಕಿದ ದುಡ್ಡು ನೇರ ಹಲ್ಲಿಗೆ, ಮೂಳೆಗೆ ಹೋಗುತ್ತದೆ.

ಕೊನೆಗೆ ಬೇಕಿರುವುದು ನದಿಯ ನೀರೇ. ಹರಿಹರದ ಜನ ತುಂಗಭದ್ರೆಯ ದಡದಲ್ಲಿದ್ದಾರೆ, ಐವತ್ತು ಅರವತ್ತು ಕಿಲೋಮೀಟರ್ ಆಚೆ ನೀವು ಆರುನೂರು ಅಡಿ ಬೋರ್ ನೀರು ಕುಡಿಯುತ್ತಿದ್ದೀರಿ. ತುಂಗಭದ್ರೆಯಿಂದ ನೀರೆತ್ತಿ ಜಗಳೂರು ಸೀಮೆಯ 57 ಕೆರೆ ತುಂಬಿಸುವ ಯೋಜನೆ ಬಂದಿರುವುದು ದೊಡ್ಡ ಆಸರೆ. ನಿಮ್ಮೂರ ಹತ್ತಿರದ ಕೆರೆಗೆ ನೀರು ಬಂದಿದ್ದರೆ ಅದರ ಕೆಳಗಿನ ಬಾವಿ, ಬೋರ್‌ಗಳನ್ನು ಮತ್ತೆ ಪರೀಕ್ಷೆ ಮಾಡಿಸಿ. ಹೊಸ ನೀರು ಇಂಗಿದಾಗ ಫ್ಲೋರೈಡ್ ತೆಳುವಾಗಬಹುದು. ಆಗುತ್ತದೆ ಅಂತ ಊಹೆ ಮಾಡಿ ಕುಡಿಯಬೇಡಿ.

ಇನ್ನು ಈ ವಾರ ಮಾಡಬೇಕಾದ್ದು. ಗೋಡೆ ಮೇಲಿನ 3.1 ಯಾವ ವರ್ಷದ್ದೋ ಗೊತ್ತಿಲ್ಲ. ಬೇಸಿಗೆಯಲ್ಲಿ ಒಂದು, ಮಳೆ ಕಳೆದ ಮೇಲೆ ಒಂದು ಅಂಕಿ ಬರುವುದುಂಟು. ನಿಮ್ಮ ಪಂಚಾಯಿತಿಯಲ್ಲಿ ನೀರು ಪರೀಕ್ಷೆಯ ಕಿಟ್ ಇರಬೇಕು, ಪ್ರತಿ ಊರಲ್ಲಿ ಐದು ಮಹಿಳೆಯರಿಗೆ ಅದರ ತರಬೇತಿ ಕೊಡಬೇಕೆಂಬುದು ಜಲ ಜೀವನ್ ಮಿಷನ್‌ನ ನಿಯಮ. ಆ ಐದು ಜನ ಯಾರು ಅಂತ ನೀರುಗಂಟಿಯನ್ನು ಕೇಳಿ. ಕೊಳವೆಯಲ್ಲಿ ನೀರು ತೆಗೆದುಕೊಂಡು ನಾಲ್ಕು ಹನಿ ದ್ರಾವಣ ಹಾಕಿದರೆ ಬಣ್ಣ ಬರುತ್ತದೆ. ಗುಲಾಬಿ ಇದ್ದರೆ ಫ್ಲೋರೈಡ್ ಕಡಿಮೆ, ಹಳದಿಗೆ ತಿರುಗಿದಷ್ಟೂ ಜಾಸ್ತಿ. ಜೊತೆಗಿರುವ ಬಣ್ಣದ ಕಾರ್ಡ್ ಪಕ್ಕ ಹಿಡಿದು ನೋಡಬೇಕು. ನಿಮ್ಮ ಸಂಘದ ನಾಲ್ಕು ಹೆಂಗಸರನ್ನು ಕರೆದುಕೊಂಡು ಹೋಗಿ, ಎಲ್ಲರ ಎದುರಿಗೆ ನಲ್ಲಿ ನೀರು ಒಂದು ಕೊಳವೆ, ಘಟಕದ ನೀರು ಒಂದು ಕೊಳವೆ ಮಾಡಿಸಿ. ಆ ಎರಡು ಬಣ್ಣ ಪಕ್ಕಪಕ್ಕ ಕಂಡರೆ ನಾನು ಬರೆದ ಇಷ್ಟುದ್ದ ಉತ್ತರಕ್ಕಿಂತ ಬೇಗ ಅರ್ಥವಾಗುತ್ತದೆ.

ಕಿಟ್ ಅಂದಾಜು ಹೇಳುತ್ತದೆ, ಸರಿಯಾದ ಅಂಕಿ ಪ್ರಯೋಗಾಲಯದಿಂದ ಬರಬೇಕು. ಪಿಡಿಒ ಅವರಿಗೆ ಒಂದು ಅರ್ಜಿ, ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ತಾಲ್ಲೂಕು ಕಚೇರಿಗೆ ಅದರ ಪ್ರತಿ. ಅರ್ಜಿಯಲ್ಲಿ ಜಗಳದ ಮಾತು ಬೇಡ. ಘಟಕ ಎಷ್ಟು ದಿನ ನಿಂತಿತ್ತು, ಟಿಡಿಎಸ್ 60 ಇದ್ದದ್ದು 310 ಆಗಿದೆ, ಮೆಂಬ್ರೇನ್ ಕೊನೆಯ ಸಲ ಬದಲಿಸಿದ ದಿನಾಂಕ ಯಾವುದು, ನಿರ್ವಹಣೆ ಯಾರದು, ಇಷ್ಟು ಬರೆಯಿರಿ. ದಿನಾಂಕ ಹಾಕಿದ ಸ್ವೀಕೃತಿ ಪಡೆಯಿರಿ. ಮುಂದಿನ ಗ್ರಾಮಸಭೆಯಲ್ಲಿ ಅದನ್ನೇ ಓದಿ.

ನೀರಿನ ಮಾದರಿ ಕೊಡುವಾಗ ಪ್ಲಾಸ್ಟಿಕ್ ಬಾಟಲಿಯಲ್ಲೇ ಕೊಡಿ, ಗಾಜು ಬೇಡ, ಫ್ಲೋರೈಡ್ ಗಾಜಿನ ಜೊತೆ ಸೇರಿ ಅಂಕಿ ವ್ಯತ್ಯಾಸ ಆಗಬಹುದು. ಅದೇ ನೀರಿನಿಂದ ಮೂರು ಸಲ ಬಾಟಲಿ ಗಲಬರಿಸಿ ಆಮೇಲೆ ತುಂಬಿಸಿ. ಒಂದರ ಮೇಲೆ "ನಲ್ಲಿ", ಇನ್ನೊಂದರ ಮೇಲೆ "ಘಟಕ" ಅಂತ ಬರೆದು ದಿನಾಂಕ ಹಾಕಿ. ವರದಿ ಕೈಗೆ ಬಂದ ಮೇಲೆ ಎರಡೂ ಅಂಕಿ ನನಗೆ ಬರೆದು ಕಳಿಸಿ. ಘಟಕದ ನೀರು 1ರ ಒಳಗಿದ್ದರೆ ನಿಶ್ಚಿಂತೆಯಿಂದ ಎರಡು ಕ್ಯಾನ್ ತನ್ನಿ. ಮೇಲಿದ್ದರೆ ಮೆಂಬ್ರೇನ್ ಬದಲಾಗುವ ತನಕ ಕನಿಷ್ಠ ಚಿಕ್ಕವನ ಗಂಜಿಗೆ, ಕುಡಿಯುವುದಕ್ಕೆ ಬೇರೆ ನೀರು ಎಲ್ಲಿಂದ ತರಬಹುದು ಅಂತ ನಿಮ್ಮ ಸುತ್ತಲಿನ ಊರುಗಳನ್ನು ನೋಡಿ ಹೇಳುತ್ತೇನೆ.